ಬಲಗೈಗೆ ಕೆಂಪು, ಎಡಗೈಗೆ ಹಳದಿ

ಇ.ಸಿ.ಜಿ. ತೆಗೆಯುವವನನ್ನು ನಗು ಬರಿಸುವಂಥ ಪ್ರಸಂಗಗಳು ತಾವಾಗಿ ಹುಡುಕಿಕೊಂಡು ಬರುತ್ತವೆ. ತೊಂದರೆ ಏನೆಂದರೆ, ಬರುವಾಗ ಎಲ್ಲವೂ ಎದೆ ಹಿಡಿದುಕೊಂಡೇ ಬರುತ್ತವೆ. ನಕ್ಕರೆ ಪಾಪ, ನಗದಿದ್ದರೆ ಹುಚ್ಚು. ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿಕೊಂಡು ಕಾಲ ಹಾಕಿದೆ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ದೊಡ್ಡಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಹೆಸರು ಹೇಳುವಷ್ಟು ದೊಡ್ಡದಲ್ಲ. ಒಬ್ಬ ಡಾಕ್ಟರು, ಒಬ್ಬ ಆಯಮ್ಮ, ಎಂಟು ಮಂಚ, ಒಂದು ಇ.ಸಿ.ಜಿ. ಮಷೀನು. ಮಷೀನು ನನ್ನ ಪಾಲಿಗೆ ಬಂತು. ಅದಕ್ಕೆ ಹತ್ತು ವೈರು. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಉಳಿದ ಆರು ಎದೆಗೆ. ಅವುಗಳ ತುದಿಯಲ್ಲಿ ರಬ್ಬರ್ ಬುರುಡೆಯ ಸಣ್ಣ ಬಟ್ಟಲು, ಅದುಮಿ ಬಿಟ್ಟರೆ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಹೃದಯ ಒಂದೊಂದು ಸಲ ಬಡಿಯುವಾಗಲೂ ಅದರೊಳಗೆ ಚೂರೇ ಚೂರು ವಿದ್ಯುತ್ತು ಹುಟ್ಟಿ ಹರಿಯುತ್ತದೆ. ವೈರುಗಳು ಅದನ್ನು ಹನ್ನೆರಡು ದಿಕ್ಕಿನಿಂದ ನೋಡುತ್ತವೆ. ಬೀದಿಯಲ್ಲಿ ನಡೆಯುವ ಒಂದೇ ಜಗಳವನ್ನು ಹನ್ನೆರಡು ಕಿಟಕಿಯಿಂದ ನೋಡಿ ಹನ್ನೆರಡು ಜನ ಹೇಳಿದ ಹಾಗೆ. ಸೂಜಿ ಅದನ್ನು ಕಾಗದದ ಮೇಲೆ ಗೀಚುತ್ತದೆ. ಮಷೀನು ಮೈಯೊಳಕ್ಕೆ ಏನನ್ನೂ ಬಿಡುವುದಿಲ್ಲ, ಮೈಯಿಂದ ಏನನ್ನೂ ಎಳೆಯುವುದಿಲ್ಲ, ಬರೆಯುತ್ತದೆ ಅಷ್ಟೆ. ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳಿದ್ದೇನೆ. ನಂಬಿದವರು ಯಾರೂ ಇಲ್ಲ.

ನಂಬದವರಲ್ಲಿ ಮೊದಲನೆಯವನು ನಮ್ಮಪ್ಪ. ರಾಜಘಟ್ಟದ ಕಡೆ ನಮ್ಮೂರು. ಎರಡು ಎಕರೆ ರಾಗಿ, ಒಂದು ಎಮ್ಮೆ. ಹೊಲದ ಬದು ಹತ್ತುವಾಗ ಅಪ್ಪನಿಗೆ ಎದೆ ಹಿಡಿದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಕೂತು, ಯಾರೂ ನೋಡಲಿಲ್ಲವೆಂದುಕೊಂಡು ಎದ್ದು ಹೋಗುತ್ತಿದ್ದ. ನಾನು ನೋಡುತ್ತಿದ್ದೆ. ಊರವರ ಎದೆಯನ್ನೆಲ್ಲ ಬರೆಯುವ ನನಗೆ ನಮ್ಮಪ್ಪನ ಎದೆಯದೊಂದು ಚೀಟಿ ಸಿಗಲಿಲ್ಲ. ಕಾರಣ ಪಕ್ಕದ ಮನೆಯ ಒಬ್ಬರು. ಎದೆನೋವು ಬಂದ ಅವರನ್ನು ಮೂರು ದಿನ ಮನೆಯಲ್ಲೇ ನರಳಿಸಿ, ನಾಲ್ಕನೇ ದಿನ ಎತ್ತಿನ ಗಾಡಿಯಲ್ಲಿ ತಂದರು. ನಾನು ಇ.ಸಿ.ಜಿ. ತೆಗೆದೆ, ಅವರು ಅವತ್ತೇ ಹೋದರು. ಅಪ್ಪ ಆ ಉದ್ದನೆ ಕಾಗದ ನೋಡಿದವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಅವ್ನ ಒಳಗೆ ಇದ್ದಿದ್ದೇ ಒಂಚೂರು ಕಣ್ಲಾ. ಅದನ್ನೂ ನೀನು ಕಾಗ್ದಕ್ಕೆ ಎಳ್ಕೊಂಬುಟ್ಟೆ."

ಅಲ್ಲಿಂದ ಶುರುವಾಯಿತು. ಅಪ್ಪನ ಭಯ ಬಿಡಿಸಲು ಆಸ್ಪತ್ರೆಯಲ್ಲಿ ನಡೆದ ತಮಾಷೆಯನ್ನೆಲ್ಲ ಮುದ್ದೆ ಮುಂದೆ ಕೂತಾಗ ಹೇಳುತ್ತಿದ್ದೆ. ಅಪ್ಪ ನಗುತ್ತಿದ್ದ. ನಕ್ಕು ಮುಗಿಸಿ, ನಾನು ಹೇಳಿದ್ದಕ್ಕೆ ತದ್ವಿರುದ್ಧವಾದದ್ದನ್ನು ಕಲಿಯುತ್ತಿದ್ದ.

ಎಣ್ಣೆ

ಘಾಟಿ ಕಡೆಯಿಂದ ಒಬ್ಬ ರೈತರು ಬಂದರು, ಜೊತೆಯಲ್ಲಿ ಹೆಂಡತಿ. ದೊಡ್ಡ ಪರೀಕ್ಷೆಗೆ ಮೈ ಚೊಕ್ಕಟವಾಗಿರಬೇಕೆಂದು ಆಕೆ ಬೆಳಿಗ್ಗೆ ಗಂಡನಿಗೆ ಹರಳೆಣ್ಣೆ ಹಚ್ಚಿ ತಿಕ್ಕಿದ್ದರು. ಅಷ್ಟರಲ್ಲಿ ಬಸ್ಸು ಬಂದುಬಿಟ್ಟಿತು. ನೀರು ಹಂಡೆಯಲ್ಲೇ ಉಳಿಯಿತು, ಎಣ್ಣೆ ಮೈಮೇಲೆ ಉಳಿಯಿತು.

ನಾನು ಎದೆಗೆ ಒಂದು ಬಟ್ಟಲು ಕೂರಿಸುವಷ್ಟರಲ್ಲಿ ಇನ್ನೊಂದು ಪಚಕ್ಕೆಂದು ಜಾರಿ ಕಂಕುಳಿಗೆ ಹೋಗುತ್ತಿತ್ತು. ನಾಲ್ಕು ಸಲ ಒರೆಸಿದೆ, ಎಣ್ಣೆ ನನ್ನ ಕೈಗೂ ಹತ್ತಿತು. ಆಯಮ್ಮ ಅವರನ್ನು ಹಿತ್ತಲ ನಲ್ಲಿಗೆ ಕರೆದುಕೊಂಡು ಹೋದಳು. ಹೆಂಡತಿ ಚೀಲದಿಂದ ಸೀಗೆಪುಡಿ ತೆಗೆದರು. ಬಸ್ಸು ಹತ್ತುವ ಗಡಿಬಿಡಿಯಲ್ಲೂ ಅದನ್ನು ಮರೆತಿರಲಿಲ್ಲ. ಪುಷ್ಯದ ಚಳಿಯಲ್ಲಿ ತಣ್ಣೀರು. ಅವರು ಗಡಗಡ ನಡುಗುತ್ತಾ ಬಂದು ಮಲಗಿದರು. ಮೈ ನಡುಗಿದರೆ ಆ ಸ್ನಾಯುಗಳ ವಿದ್ಯುತ್ತೂ ಕಾಗದಕ್ಕೆ ಬರುತ್ತದೆ. ಚೀಟಿಯ ತುಂಬ ಜಾಲಿಮುಳ್ಳು. ಸರಿ, ಅಂಗಳದ ಬಿಸಿಲಿನಲ್ಲಿ ಅವರನ್ನು ಒಣಗಲು ಕೂರಿಸಿದೆವು. ಒಣಗಿದರು, ಬೆವರಿದರು, ಬಟ್ಟಲು ಮತ್ತೆ ಜಾರಿತು.

ಮೂರು ಗಂಟೆಗೆ ಅಂತೂ ಒಂದು ಚೀಟಿ ಬಂತು. ಡಾಕ್ಟರು ನೋಡಿ, ಎದೆ ಚೆನ್ನಾಗಿದೆ ಎಂದರು. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು: "ಚೆನ್ನಾಗಿರ್ದೆ ಏನ್ ಸ್ವಾಮಿ, ಹಂಗೆ ತಿಕ್ಕಿವ್ನಿ."

ಅಪ್ಪ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ, ಎಣ್ಣೆ ಇದ್ದರೆ ಅದು ಕಚ್ಚುವುದಿಲ್ಲ ಅಂತಾಯಿತು ಎಂದ. ಮಾರನೇ ದಿನದಿಂದ ಸ್ನಾನವಾದ ಮೇಲೆ ಎದೆಗೆ ಎಣ್ಣೆ ಸವರಿಕೊಂಡು ಅಂಗಿ ಹಾಕಿಕೊಳ್ಳತೊಡಗಿದ.

ಕೆಂಪು ಬಟ್ಟೆ

ಆಸ್ಪತ್ರೆಯ ಗೋಡೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು, ಎಂಟು ಪವರ್‌ಲೂಮು. ಅವು ಓಡುತ್ತಿದ್ದರೆ ನನ್ನ ಸೂಜಿಗೂ ನಡುಕ. ಹೃದಯದ ವಿದ್ಯುತ್ತು ಎಷ್ಟು ಸಣ್ಣದೋ ಮಗ್ಗದ್ದು ಅಷ್ಟು ದೊಡ್ಡದು. ತೆಳು ಗೆರೆ ಬರಬೇಕಾದ ಕಡೆ ದಪ್ಪ ಪಟ್ಟಿ ಬರುತ್ತಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಇದೇನಯ್ಯ, ರೋಗಿಯ ಎದೆಯೋ ಸೀರೆಯ ಅಂಚೋ ಎಂದು ಕೇಳುತ್ತಿದ್ದರು.

ಮಗ್ಗದ ಮಾಲೀಕರಿಗೆ ಕೈಮುಗಿದೆ. ಧರ್ಮಿಷ್ಠರು, ಒಪ್ಪಿದರು. ಇ.ಸಿ.ಜಿ. ತೆಗೆಯುವಾಗ ಆಯಮ್ಮ ನಮ್ಮ ಕಿಟಕಿಗೆ ಕೆಂಪು ಬಟ್ಟೆ ಕಟ್ಟಬೇಕು, ಅದು ಕಂಡರೆ ಮಗ್ಗ ಐದು ನಿಮಿಷ ನಿಲ್ಲಬೇಕು. ಒಂದು ತಿಂಗಳು ಚೆನ್ನಾಗಿ ನಡೆಯಿತು. ಬೀಡಿ ಸೇದುವುದಕ್ಕೂ ಟೀ ಕುಡಿಯುವುದಕ್ಕೂ ಐದು ನಿಮಿಷ ಹಿತವಾಗಿರುತ್ತದೆ ಎಂಬುದು ಕೆಲಸಗಾರರಿಗೆ ಗೊತ್ತಾಯಿತು. ಎರಡನೇ ತಿಂಗಳಲ್ಲಿ ಅವರು ನೂಲಿಗಿಂತ ನಮ್ಮ ಕಿಟಕಿಯನ್ನೇ ಹೆಚ್ಚು ನೋಡುತ್ತಿದ್ದರು.

ಒಂದು ದಿನ ಮಧ್ಯಾಹ್ನವಾದರೂ ನನಗೆ ಕೆಲಸವಿರಲಿಲ್ಲ. ಇಬ್ಬರು ಕಿಟಕಿಗೆ ಬಂದು, "ಏನಣ್ಣಾ, ಇವತ್ತು ಊರಲ್ಲಿ ಯಾರ್ಗೂ ಎದೆ ನೋಯ್ತಿಲ್ವಾ?" ಎಂದು ವಿಚಾರಿಸಿದರು. ಇಲ್ಲ ಎಂದೆ. ಅರ್ಧ ಗಂಟೆಯಲ್ಲಿ ಕಟ್ಟುಮಸ್ತಾದ ಒಬ್ಬ ಕೆಲಸಗಾರನನ್ನು ನಾಲ್ಕು ಜನ ಹೊತ್ತು ತಂದರು. ಎದೆನೋವು. ಎದೆನೋವು ಎಂದ ಮೇಲೆ ಬಿಡುವ ಹಾಗಿಲ್ಲ. ಕೆಂಪು ಬಟ್ಟೆ ಕಟ್ಟಿಸಿ, ವೈರು ಹಾಕಿದೆ. ಎದೆ ಗಟ್ಟಿಮುಟ್ಟಾಗಿತ್ತು. ಆಚೆ ನೋಡಿದರೆ ಎಲ್ಲರ ಕೈಯಲ್ಲೂ ಟೀ ಲೋಟ. ಆ ವಾರ ಅದೇ ಶೆಡ್ಡಿನಿಂದ ಐದು ಎದೆನೋವು ಬಂದವು, ಒಂದೊಂದು ದಿನಕ್ಕೆ ಒಬ್ಬೊಬ್ಬರಂತೆ, ಸರದಿ ತಪ್ಪದೆ.

ಕೊನೆಗೆ ಮಾಲೀಕರೇ ಬಂದು ಡಾಕ್ಟರ ಮುಂದೆ ಕುಸಿದು ಕೂತರು. ತಮ್ಮ ಶೆಡ್ಡಿನಲ್ಲಿ ಎದೆರೋಗ ಹರಡುತ್ತಿದೆ, ಇದು ನೂಲಿನ ದೂಳಿನಿಂದ ಬರುತ್ತದೆಯೋ ನೀರಿನಿಂದಲೋ ಎಂದು ಕೇಳಿದರು. ಹೇಳುತ್ತಾ ಹೇಳುತ್ತಾ ಅವರಿಗೇ ಎದೆ ಡವಗುಟ್ಟಿ, ತಮಗೂ ಒಂದು ತೆಗೆಯಿರಿ ಎಂದರು. ಅದಕ್ಕೂ ಕೆಂಪು ಬಟ್ಟೆ ಕಟ್ಟಬೇಕಾಯಿತು.

ಅಪ್ಪನಿಗೆ ಇದನ್ನು ಹೇಳಿದಾಗ ನನಗೆ ಸ್ವಲ್ಪ ಆಸೆ ಹುಟ್ಟಿತು. ಮೊದಲ ಸಲ ಅವನು ವೈರುಗಳ ಬಗ್ಗೆ ವಿಚಾರಿಸಿದ. ಯಾವ ಬಣ್ಣ ಯಾವ ಕಡೆಗೆ, ಯಾವುದು ಏನು ನೋಡುತ್ತದೆ ಎಂದೆಲ್ಲ ಕೇಳಿದ. ಬಲಗಾಲಿನ ಕಪ್ಪು ವೈರು ಏನನ್ನೂ ನೋಡುವುದಿಲ್ಲ, ಸುಮ್ಮನೆ ಇರುತ್ತದೆ, ಆದರೆ ಅದು ಸಡಿಲವಾದರೆ ಮಿಕ್ಕವೆಲ್ಲ ನಡುಗುತ್ತವೆ ಎಂದೆ. ಅಪ್ಪನಿಗೆ ತಕ್ಷಣ ಅರ್ಥವಾಯಿತು. ಮದುವೆಮನೆಯಲ್ಲಿ ಸೋದರಮಾವ ಇದ್ದ ಹಾಗೆ ಎಂದ. ನಾನು ಇವತ್ತು ಗೆದ್ದೆ ಎಂದುಕೊಂಡೆ. ಅಪ್ಪ ಕೈ ತೊಳೆದು ಎದ್ದು ಹೇಳಿದ: "ಎಂಟು ಮಗ್ಗ ನಿಲ್ಲಿಸ್ಬೇಕಾಯ್ತದೆ ಅಂದ್ರೆ ಅದು ಎಷ್ಟ್ ಎಳೀತದೋ ಲೆಕ್ಕ ಹಾಕು."

ಆರು ಮುದ್ರೆ

ರಬ್ಬರ್ ಬಟ್ಟಲು ಕಿತ್ತ ಮೇಲೆ ಎದೆಯ ಮೇಲೆ ಆರು ದುಂಡನೆ ಗುರುತು ಉಳಿಯುತ್ತವೆ, ಒಂದೆರಡು ದಿನದಲ್ಲಿ ಮಾಸುತ್ತವೆ. ಅದು ಬಟ್ಟಲು ಕಚ್ಚಿದ ಗುರುತು, ಬೇರೇನಲ್ಲ. ಆದರೆ ಹಳ್ಳಿಗಳಲ್ಲಿ ಅದಕ್ಕೆ ಮುದ್ರೆ ಎಂಬ ಹೆಸರು ಬಿದ್ದು, ಮುದ್ರೆ ಹಾಕಿಸಿಕೊಂಡರೆ ಎದೆನೋವು ಹೋಗುತ್ತದೆ ಎಂದಾಗಿತ್ತು. ಅಪ್ಪನಂಥವರು ಸಾಯುತ್ತೇವೆಂದು ಹೆದರಿ ಬರುತ್ತಿರಲಿಲ್ಲ, ಉಳಿದವರು ಬದುಕುತ್ತೇವೆಂದು ನಂಬಿ ಬರುತ್ತಿದ್ದರು. ಇಬ್ಬರಿಗೂ ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಒಬ್ಬ ಅಜ್ಜಿಗೆ ನಿಜವಾಗಿಯೂ ಹೃದಯದ ತೊಂದರೆಯಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಎಂಟನೇ ದಿನ ಅಜ್ಜಿ ಮತ್ತೆ ಬಂದಳು. ಮಾತ್ರೆ ಮುಟ್ಟಿರಲಿಲ್ಲ. ಸೀರೆಯ ಗಂಟಿನಲ್ಲಿ ಅಷ್ಟೂ ಹಾಗೇ ಇದ್ದವು. "ಮುದ್ರೆ ಅಳಿಸೋಗದೆ ಕಣಪ್ಪ, ಇನ್ನೊಂದ್ಸಲ ಹಾಕು" ಎಂದಳು. ನಾನು ಗೋಡೆಗೆ ಒರಗಿ ನಿಂತೆ. ಅಳು ಬರುವಂತಾಗಿತ್ತು. ಮಷೀನು ಬರೀ ಬರೆಯುತ್ತದೆ, ಮಾತ್ರೆಯೇ ನಿನ್ನನ್ನು ಉಳಿಸುವುದು ಎಂದು ಕಾಲು ಗಂಟೆ ಹೇಳಿದೆ. ಅಜ್ಜಿ ತಲೆಯಾಡಿಸಿ ಎಲ್ಲವನ್ನೂ ಕೇಳಿದಳು. ಕೇಳಿಯಾದ ಮೇಲೆ ಬಾಗಿಲ ಆಚೆಯಿಂದ ತನ್ನ ಓರಗಿತ್ತಿಯನ್ನು ಒಳಗೆ ಕರೆದಳು. ಇವಳಿಗೂ ಎದೆನೋವು, ಬಸ್ಸಿಗೆ ಹೊತ್ತಾಗುತ್ತದೆ, ಬೇರೆ ಬೇರೆ ಯಾಕೆ ಎಂದು ಇಬ್ಬರೂ ಒಂದೇ ಮಂಚದ ಮೇಲೆ ಒತ್ತಿಕೊಂಡು ಮಲಗಿದರು.

"ಹತ್ತು ವೈರು ಅವಲ್ಲಾ, ನಂಗೈದು ಅವ್ಳಿಗೈದು ಹಾಕ್ಬುಡು."

ಆಯಮ್ಮ ನಗು ತಡೆಯಲಾರದೆ ಹೊರಗೆ ಓಡಿದಳು. ನಾನು ಮಾತ್ರೆಗಳನ್ನು ಇಬ್ಬರ ಮುಂದಿಟ್ಟು, ಮೊದಲು ಇದನ್ನು ನುಂಗಿದವರಿಗೆ ಹತ್ತೂ ವೈರು ಎಂದೆ. ಓರಗಿತ್ತಿ ಕೈಚಾಚಿ ಅಜ್ಜಿಯ ಮಾತ್ರೆ ನುಂಗಿಬಿಟ್ಟಳು.

ಕರೆಂಟು ಬಂತು

ತೂಬಗೆರೆ ಕಡೆಯ ಒಂದು ಹಳ್ಳಿಯಿಂದ ಹೇಳಿಕಳುಹಿಸಿದರು. ದೊಡ್ಡ ಜಮೀನಿನ ಯಜಮಾನರು, ಎದೆನೋವೆಂದು ಮಲಗಿದ್ದಾರೆ, ಬಸ್ಸಿನಲ್ಲಿ ಬರುವ ಸ್ಥಿತಿಯಲ್ಲಿಲ್ಲ. ಡಾಕ್ಟರು ಮಷೀನನ್ನು ನನ್ನ ಕೈಗೆ ಕೊಟ್ಟು ಕಳಿಸಿದರು. ಮರದ ಪೆಟ್ಟಿಗೆಯಲ್ಲಿ ಅದು ಒಂದು ಸಣ್ಣ ಕರುವಿನಷ್ಟು ಭಾರ. ಬಸ್ಸಿಳಿದು ಒಂದೂವರೆ ಮೈಲಿ ಏರು ನಡೆದೆ.

ಯಜಮಾನರು ಗೋಡೆ ಕಡೆ ತಿರುಗಿ ಮಲಗಿದ್ದರು. ಮಾತಾಡಲೂ ತ್ರಾಣವಿಲ್ಲವೆಂದು ಮನೆಯವರು ಹೇಳಿದರು. ಮಷೀನು ಬಿಚ್ಚಿದೆ, ಕರೆಂಟು ಇರಲಿಲ್ಲ. ನಮ್ಮ ಕಡೆ ಅದು ಬರುವ ಹೊತ್ತಿಗೆ ಬರುತ್ತದೆ, ನಾವು ಕಾಯಬೇಕು. ಕೈಕಾಲಿಗೆ ಅಂಟು ಜೆಲ್ಲಿ ಸವರಿ ವೈರಿನ ಪಟ್ಟಿ ಕಟ್ಟಿ ತಯಾರು ಮಾಡಿಟ್ಟೆ. ಮನೆಯವರು, ಹಾಗಾದರೆ ಅಷ್ಟರಲ್ಲಿ ಒಂದು ಮುದ್ದೆ ಎಂದು ಅಡುಗೆಮನೆಗೆ ಕರೆದರು. ಎರಡು ತುತ್ತು ನುಂಗಿದ್ದೆ, ನೆತ್ತಿಯ ಮೇಲಿನ ಬಲ್ಬು ಹತ್ತಿತು. ಎಂಜಲು ಕೈಯಲ್ಲೇ ಓಡಿ ಬಂದೆ. ಮಂಚ ಖಾಲಿ. ವೈರುಗಳು ಹಾಸಿಗೆಯ ಮೇಲೆ ಬಿದ್ದಿದ್ದವು.

ಹೊಲದ ಕಡೆ ನೋಡಿದರೆ ಯಜಮಾನರು ಪಂಚೆ ಎತ್ತಿಕಟ್ಟಿ ಪಂಪ್‌ಸೆಟ್ ಹತ್ತಿರಕ್ಕೆ ಓಡುತ್ತಿದ್ದಾರೆ. ನಾನೂ ಬೆನ್ನು ಹತ್ತಿದೆ. ನಾನು ತಲುಪುವುದರೊಳಗೆ ಮೋಟಾರು ಹಾಕಿ, ಗುದ್ದಲಿ ಹಿಡಿದು ತೊಂಡೆ ತೋಟಕ್ಕೆ ನೀರು ತಿರುವುತ್ತಿದ್ದರು. ಒಂದು ಹತ್ತು ನಿಮಿಷ ಬಂದು ಮಲಗಿ, ಎದೆಯ ವಿಷಯ, ಹುಡುಗಾಟವಲ್ಲ ಎಂದು ಬೇಡಿಕೊಂಡೆ. ಅವರು ತಲೆಯೆತ್ತದೆ ಹೇಳಿದರು: "ಎದೆ ನಾಳೆನೂ ಇರ್ತದೆ ಕಣಯ್ಯ. ಕರೆಂಟ್ ಇರಾಕಿಲ್ಲ."

ಪೆಟ್ಟಿಗೆ ಎತ್ತಿಕೊಂಡು ಕೊನೇ ಬಸ್ಸಿಗೆ ಓಡಿದೆ. ದಾರಿಯಲ್ಲಿ ಬೆವರು ಕಿತ್ತುಕೊಂಡು ಬಂತು, ದವಡೆ ಬಿಗಿಯಿತು, ಎಡಗೈ ಬೆರಳ ತುದಿಯವರೆಗೂ ಜಗ್ಗಿತು. ಬಸ್‌ಸ್ಟ್ಯಾಂಡಿನಲ್ಲಿ ಉಪ್ಪು ಹಾಕಿದ ಗೋಲಿಸೋಡ ಕುಡಿದೆ, ಎರಡು ತೇಗು ಬಂತು, ಅರ್ಧ ಮುದ್ದೆ ನುಂಗಿ ಓಡಿದ್ದರ ಫಲ ಎಂದುಕೊಂಡೆ. ಎಡಗೈ ಮಾತ್ರ ಎರಡು ದಿನ ನೋಯಿತು. ಡಾಕ್ಟರಿಗೆ ಅದನ್ನು ತಮಾಷೆಯಾಗಿಯೇ ಹೇಳಬೇಕೆಂದಿದ್ದೆ, ಮರೆತೆ. ಪೆಟ್ಟಿಗೆ ಹೊತ್ತದ್ದು ಬಲಗೈಯಲ್ಲಿ, ನೋವು ಎಡಗೈಗೆ, ದುಡಿಯುವವನೊಬ್ಬ, ನರಳುವವನೊಬ್ಬ.

ಯಜಮಾನರು ಇವತ್ತಿಗೂ ಗಟ್ಟಿಯಾಗಿದ್ದಾರೆ. ಅಪ್ಪನಿಗೆ ಅವರ ಮೇಲೆ ಬಹಳ ಗೌರವ ಬಂತು.

ಅಪ್ಪನ ಷರತ್ತು

ಆಮೇಲೆ ಒಂದು ಸುಗ್ಗಿ ಕಳೆಯಿತು. ಒಂದು ಬೆಳಿಗ್ಗೆ ಅಪ್ಪ ಬದುವಿನ ಮೇಲೆ ಕೂತವನು ಕಾಲು ಗಂಟೆಯಾದರೂ ಏಳಲಿಲ್ಲ. ಅಮ್ಮ ಕಿರುಚಿ ಅತ್ತು ಊಟ ಬಿಟ್ಟಳು. ಅಪ್ಪ ಸೋತ. ಮಡಿ ಪಂಚೆ ಉಟ್ಟು, ಎದೆಗೆ ಎಣ್ಣೆ ಹಚ್ಚದೆ, ನನ್ನ ಜೊತೆ ಬಸ್ಸು ಹತ್ತಿದ. ಮಂಚದ ಹತ್ತಿರ ಬಂದಾಗ ನಿಂತುಬಿಟ್ಟ. ಮೊದಲು ನೀನು ಹಾಕಿಸಿಕೋ, ನಿನಗೇನೂ ಆಗಲಿಲ್ಲ ಅಂದರೆ ನಾನು ಮಲಗುತ್ತೇನೆ ಎಂದ.

ಹತ್ತು ವರ್ಷದಿಂದ ಆ ಮಂಚದ ಪಕ್ಕದಲ್ಲಿ ನಿಂತಿದ್ದೆ, ಮಲಗಿದ್ದು ಅವತ್ತೇ ಮೊದಲು. ನನ್ನ ಕೆಲಸವನ್ನು ನೋಡಿ ನೋಡಿ ಕಲಿತಿದ್ದ ಆಯಮ್ಮ ಪಟ್ಟಿ ಕಟ್ಟಿದಳು. ಜೆಲ್ಲಿ ಹಿಮದ ಹಾಗೆ ಕೊರೆಯಿತು. ತಣ್ಣಗೇನಿಲ್ಲ, ಸುಮ್ಮನಿರಿ ಎಂದು ಇಷ್ಟು ವರ್ಷ ಎಷ್ಟು ಜನರಿಗೆ ಸುಳ್ಳು ಹೇಳಿದ್ದೆ. ಆಮೇಲೆ ಅಪ್ಪ ಮಲಗಿದ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮನೆದೇವರನ್ನು ನೆನೆಯುತ್ತಾ ಮಲಗಿದ್ದವನು ಮುಗಿಯಿತು ಎಂದರೂ ಏಳಲಿಲ್ಲ. ಕೈಯನ್ನೊಮ್ಮೆ ಮಡಚಿ ಬಿಚ್ಚಿ, ಇನ್ನೂ ಶಕ್ತಿ ಇದೆಯೆಂದು ಖಾತ್ರಿ ಮಾಡಿಕೊಂಡು ಎದ್ದ.

ಆಯಮ್ಮ ಎರಡು ಚೀಟಿಯನ್ನೂ ಡಾಕ್ಟರ ಮುಂದಿಟ್ಟಳು. ಡಾಕ್ಟರು ಮೇಲಿದ್ದ ಅಪ್ಪನ ಚೀಟಿಯನ್ನು ನೋಡಿದರು. ಸದ್ಯಕ್ಕೆ ಗಾಬರಿಯಿಲ್ಲ, ಬೆಂಗಳೂರಿನಲ್ಲಿ ಓಡುವ ಪಟ್ಟಿಯ ಮೇಲೆ ನಡೆಸಿ ನೋಡುವ ಪರೀಕ್ಷೆ ಮಾಡಿಸೋಣ ಎಂದರು. ಎರಡನೆಯದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಇದು ಯಾರದು ಎಂದರು. ನನ್ನದು ಎಂದೆ. ಅವರು ಕನ್ನಡಕ ತೆಗೆದರು.

"ಯಾವಾಗ ಬಂದಿತ್ತೋ ನೋವು?"

ನಾನು ನಕ್ಕೆ. ಆಯಮ್ಮ ಕೆಂಪು ಹಳದಿ ಅದಲುಬದಲು ಮಾಡಿರಬೇಕು ಸಾರ್, ಆಗ ಗೆರೆ ತಲೆಕೆಳಗಾಗುತ್ತದೆ ಎಂದೆ. ಆಯಮ್ಮನಿಗೆ ಕಣ್ಣು ತುಂಬಿತು. ನಾನೇ ಮಲಗಿ, ನನ್ನ ಕೈಯಾರೆ ಕಟ್ಟಿಕೊಂಡೆ. ಬಲಗೈಗೆ ಕೆಂಪು, ಎಡಗೈಗೆ ಹಳದಿ. ಎರಡು ಸಲ ನೋಡಿಕೊಂಡೆ. ಸೂಜಿ ಅದನ್ನೇ ಮತ್ತೆ ಬರೆಯಿತು. ಆ ಗುರುತನ್ನು ನೂರಾರು ಜನರ ಚೀಟಿಯಲ್ಲಿ ಕಂಡಿದ್ದೇನೆ. ಹೃದಯದ ಒಂದು ಕಡೆಗೆ ಏಟು ಬಿದ್ದು, ಸತ್ತ ಜಾಗ ಸುಮ್ಮನಾಗಿರುವ ಗುರುತು ಅದು. ಗೋಲಿಸೋಡ ನೆನಪಾಯಿತು. ಡಾಕ್ಟರು ಬೆಂಗಳೂರಿಗೆ ಕರೆದೊಯ್ಯಲು ಕಾರು ತರಿಸಲು ಹೋದರು, ಅದು ಬರುವವರೆಗೆ ಏಳಕೂಡದು ಎಂದರು. ನನಗೆ ಬಹಳ ಭಯವಾಯಿತು. ಮಷೀನಿನ ಕಡೆ ನೋಡಲಾಗದೆ ಗೋಡೆ ಕಡೆ ತಿರುಗಿದೆ.

ಅಪ್ಪ ಬಾಗಿಲಲ್ಲೇ ನಿಂತಿದ್ದ. ನಾನ್ ಅವತ್ತೇ ಹೇಳಿರ್ಲಿಲ್ವಾ ಎನ್ನುತ್ತಾನೆ ಎಂದು ಕಾದೆ. ದಿನಾ ಆ ವೈರು ಮುಟ್ಟಿ ಮುಟ್ಟಿ ನನ್ನದೆಲ್ಲ ಅದಕ್ಕೆ ಹೋಗಿದೆ ಎಂದು ಅವನಿಗೆ ಸ್ಪಷ್ಟವಾಗಿರಬೇಕು. ಆದರೆ ಅಪ್ಪ ಅದನ್ನು ಹೇಳಲಿಲ್ಲ. ಆಯಮ್ಮನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ:

"ಎಳ್ಕೊಂಡಿದ್ದ ವಾಪಸ್ ಬುಡೋ ಸ್ವಿಚ್ ಇದ್ರಾಗೆ ಇಲ್ವೇನವ್ವಾ?"

ಇಲ್ಲ ಎಂದಳು ಆಯಮ್ಮ. ಅಪ್ಪ ಪಕ್ಕದ ಮಂಚವನ್ನು ನನ್ನ ಮಂಚಕ್ಕೆ ಒತ್ತಿ ಎಳೆದು, ಅಂಗಿ ಬಿಚ್ಚಿ ಮಡಚಿಟ್ಟು, ತಾನಾಗಿ ಮಲಗಿ ಎರಡೂ ಕೈ ಚಾಚಿದ. ವರ್ಷಗಟ್ಟಲೆ ನಾನು ಬೇಡಿಕೊಂಡರೂ ಚಾಚದ ಕೈಗಳು ಅವು. "ನಂದು ಚೆನ್ನಾಗದೆ ಅಂದ್ರಲ್ಲಾ ಡಾಕ್ಟ್ರು. ನನ್ನಿಂದ ಎಳ್ದು ಅವ್ನಿಗೆ ಬುಡು."

ಆಯಮ್ಮ ನನ್ನ ಮುಖ ನೋಡಿದಳು. ಮಷೀನು ಏನನ್ನೂ ಎಳೆಯುವುದಿಲ್ಲ, ಬರೀ ಬರೆಯುತ್ತದೆ ಎಂದು ಹೇಳಲು ಬಾಯಿ ತೆರೆದವನು, ಹೂಂ ಎಂದು ತಲೆಯಾಡಿಸಿದೆ. ಅವಳು ಅಪ್ಪನಿಗೆ ಕಾಣದ ಹಾಗೆ ಮಷೀನಿನ ಪ್ಲಗ್ಗು ಕಿತ್ತಳು. ಆ ಇಬ್ಬರು ಅಜ್ಜಿಯರಿಗೆ ಸಿಗದಿದ್ದದ್ದನ್ನು ನಮಗೆ ಕೊಟ್ಟಳು. ಐದು ವೈರು ಅಪ್ಪನಿಗೆ, ಐದು ನನಗೆ. ಅಪ್ಪ ಸೂರಿನ ಕಡೆ ನೋಡುತ್ತಾ ಉಸಿರು ಬಿಗಿಹಿಡಿದು ಮಲಗಿದ್ದ. ಸುಮಾರು ಹೊತ್ತಾದ ಮೇಲೆ, ಹೇಗಿದೆ ಈಗ ಎಂದು ಕೇಳಿದ. ಪರವಾಗಿಲ್ಲಪ್ಪ, ಬರ್ತಿದೆ ಎಂದೆ.

ಆಮೇಲೆ ಅಪ್ಪ ನನ್ನ ಕಡೆ ಹೊರಳಿ, ಆಯಮ್ಮನಿಗೆ ಕೇಳದ ಹಾಗೆ ಹೇಳಿದ:

"ಸಾಕಾದ್ರೆ ಹೇಳ್ಲಾ. ಪೂರ್ತಿ ಎಳ್ಕೊಬ್ಯಾಡ. ಸಂಜಿಕೆ ಎಮ್ಮೆ ಕರೀಬೇಕು."